ಆರಡಿಯ ಮಣ್ಣಿನ ಹೆಂಗಸಿಗೆ ದೊಡ್ಡ ಕಿಲ್ನ್ ಬೇಕೇ ಬೇಕಾ?

ಸಿಂಧೂ ಕಣಿವೆಯ ಮಾತೃದೇವತೆಯ ಹಾಗೆ ಆರಡಿಯ ಹೆಂಗಸನ್ನು ಮಾಡಬೇಕು, ಇರೋದು ಚಿಕ್ಕ ಕಿಲ್ನ್ (ಮಣ್ಣು ಸುಡುವ ಗೂಡು), ಸಾಲ ಮಾಡಿ ದೊಡ್ಡದು ತಗೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ಇದೇ ಯೋಚನೆಯಲ್ಲಿ ನಾನು ಒಂದು ವರ್ಷ ಕಳೆದೆ.

ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲಿ ಮೊಹೆಂಜೊದಾರೋದ ಆಕೆಯನ್ನು ನೋಡಿದ ಮೇಲೆ ನನಗೆ ಬೇರೇನೂ ಮಾಡಬೇಕು ಅನ್ನಿಸಲಿಲ್ಲ. ಎತ್ತರ ಬರೀ 22 ಸೆಂ.ಮೀ. ಬೀಸಣಿಗೆಯಂಥ ತಲೆಯುಡುಗೆ, ಅದರ ಎರಡೂ ಪಕ್ಕ ಬಟ್ಟಲು, ಚಿವುಟಿ ಎತ್ತಿದ ಮೂಗು, ಮಣ್ಣಿನ ಉಂಡೆ ಅಂಟಿಸಿದ ಕಣ್ಣು. ಅಲ್ಲಿಂದ ಕದಲೋಕೇ ಆಗಲಿಲ್ಲ.

ನನ್ನ ಕಿಲ್ನ್ ಒಳಗೆ ಎತ್ತರ ಒಂದೂವರೆ ಅಡಿ. ಅದಕ್ಕೆ ಐದು ತುಂಡು ಮಾಡಿದೆ: ಕಾಲು, ಸೊಂಟ, ಎದೆ, ಮುಖ, ತಲೆಯುಡುಗೆ. ನಡುವೆ ಕಬ್ಬಿಣದ ಪೈಪ್ ನಿಲ್ಲಿಸಿ ಒಂದೊಂದಾಗಿ ಪೋಣಿಸುವುದು. ಇಲ್ಲೇ ಎಡವಿದೆ. ಪೈಪಿನ ಅಗಲ 48 ಮಿ.ಮೀ. ಹಸಿ ಮಣ್ಣಿನಲ್ಲಿ 50 ಮಿ.ಮೀ. ತೂತು ಬಿಟ್ಟೆ. ನನ್ನ ಸ್ಟೋನ್‌ವೇರ್ ಮಣ್ಣು, ಅಂದರೆ ಹೆಚ್ಚು ಕಾವಿನಲ್ಲಿ ಸುಡುವ ಮಣ್ಣು, ಒಣಗಿ ಸುಟ್ಟು ಬರುವಷ್ಟರಲ್ಲಿ ನೂರಕ್ಕೆ 12ರಷ್ಟು ಕುಗ್ಗುತ್ತದೆ. ಅದು ಗೊತ್ತಿತ್ತು. ಆದರೆ ಮಣ್ಣು ಕುಗ್ಗಿದರೆ ತೂತು ಅಗಲ ಆಗುತ್ತೆ ಅಂದುಕೊಂಡಿದ್ದೆ. ಹಾಗಲ್ಲ. ಮಣ್ಣಿನ ಜೊತೆ ತೂತೂ ಕುಗ್ಗುತ್ತದೆ. 50 ಇದ್ದದ್ದು 44 ಆಯಿತು. ಐದೂ ತುಂಡು ಕಲ್ಲಿನ ಹಾಗೆ ಗಟ್ಟಿಯಾಗಿ ಬಂದಿವೆ, ಒಂದರೊಳಗೂ ಪೈಪ್ ಹೋಗ್ತಿಲ್ಲ. ಗ್ರೈಂಡರ್ ಹಿಡಿದು ಸೊಂಟದ ತೂತು ಅಗಲ ಮಾಡಲು ಹೋದೆ. ಟಕ್ ಅಂತ ಸದ್ದು. ಹೊಕ್ಕುಳಿಂದ ತೊಡೆಯವರೆಗೆ ಬಿರುಕು. ನಾಲ್ಕು ತಿಂಗಳ ಕೆಲಸ ಅದು.

ಈಗ ಅದೇ ಪೈಪಿಗೆ 60 ಮಿ.ಮೀ. ಬಿಡುತ್ತೇನೆ. ಸುಟ್ಟ ಮೇಲೆ 53ರ ಹತ್ತಿರ ನಿಲ್ಲುತ್ತದೆ. ತುಂಡುಗಳ ನಡುವೆ ರಬ್ಬರ್ ವಾಷರ್ ಹಾಕುತ್ತೇನೆ.

ಜೋಡಿಸಿದರೆ ಗೆರೆ ಕಾಣುತ್ತೆ, ಅದು ಹಳೆಯ ಗೊಂಬೆಗೆ ಮಾಡುವ ಮೋಸ ಅಂತಲೂ ಬರೆದಿದ್ದೀರಿ. ಇದನ್ನು ನಾನು ಒಪ್ಪೋದೇ ಇಲ್ಲ. ಹರಪ್ಪದ ಎಷ್ಟೋ ಹೆಣ್ಣು ಗೊಂಬೆಗಳನ್ನು ಎಡ, ಬಲ ಅಂತ ಎರಡು ಪಾಲು ಮಾಡಿಯೇ ಕೂಡಿಸಿದ್ದರು. ಸರ, ಸೊಂಟದ ಪಟ್ಟಿ ಎಲ್ಲ ಆಮೇಲೆ ಅಂಟಿಸಿದ್ದು. ಅವರಿಗಿಲ್ಲದ ಸಂಕೋಚ ನಮಗ್ಯಾಕೆ? ಇನ್ನು ಆರಡಿಯ ಹಸಿ ಮಣ್ಣನ್ನು ಒಂದೇ ತುಂಡಾಗಿ ಎತ್ತಿ ಕಿಲ್ನ್ ಒಳಗಿಡೋರು ಯಾರು ಹೇಳಿ?

ಸಾಲ ಮಾಡಬೇಡಿ. ನಿಮ್ಮ ಮಣ್ಣನ್ನೇ ಒಂದು ಚಪ್ಪಟೆ ಪಟ್ಟಿಯಾಗಿ ತಟ್ಟಿ, ಹಸಿ ಇರುವಾಗಲೇ 10 ಸೆಂ.ಮೀ. ಗೆರೆ ಎಳೆದು, ಸುಟ್ಟು ಅಳೆಯಿರಿ. ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ, ತೂತಿನ ಲೆಕ್ಕ ನಾನೇ ಹಾಕಿ ಕೊಡುತ್ತೇನೆ.