ಸಾಮಾನ್ಯ ಸ್ಥಾನಕ್ಕೂ ಹೆಣ್ಣುಮಕ್ಕಳು ನಿಲ್ಲಬಹುದು

ಗ್ರಾಮ ಪಂಚಾಯಿತಿ ಚುನಾವಣೆಗೆ ನಿಮ್ಮ ವಾರ್ಡು ಈ ಸಲ 'ಸಾಮಾನ್ಯ' ಆಗಿದೆ, ಹೆಣ್ಣುಮಕ್ಕಳು ನಿಲ್ಲುವಂತಿಲ್ಲ ಅಂತ ಊರವರು ನಿಮಗೆ ಹೇಳುತ್ತಿರುವುದು, ಸಾಮಾನ್ಯ ಅಂದರೆ ಗಂಡಸರದ್ದು ಅಂತ ತಿಳಿದಿರುವುದಕ್ಕೇ ಇರಬೇಕು. ಅದು ತಪ್ಪು ರೀ. ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು, ಹಾಗಂತ ಉಳಿದದ್ದು ಗಂಡಸರಿಗೆ ಮೀಸಲಲ್ಲ.

ಮೊದಲು ತಹಶೀಲ್ದಾರ್ ಕಚೇರಿಯಲ್ಲಿ ಮೀಸಲಾತಿ ಪಟ್ಟಿ ನೋಡಿ. ಒಂದೇ ವಾರ್ಡಿನಲ್ಲಿ ಎರಡು-ಮೂರು ಸ್ಥಾನ ಇರುವುದುಂಟು, ಅದರಲ್ಲೊಂದು ಮಹಿಳೆಗೇ ಇದ್ದರೂ ಇರಬಹುದು. ನಿಮಗೆ 21 ತುಂಬಿರಬೇಕು, ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಆಮೇಲೆ ನಾಮಪತ್ರದಲ್ಲಿ ಯಾವ ಸ್ಥಾನಕ್ಕೆ ಅಂತ ಬಿಡಿಸಿ ಬರೆಯಿರಿ. ಜಮಖಂಡಿ ಕಡೆಯ ನಮ್ಮ ವೈನಿ ಆ ಜಾಗ ಖಾಲಿ ಬಿಟ್ಟಿದ್ದರು, ಪುಣ್ಯಕ್ಕೆ ಕೊಡುವ ಮೊದಲೇ ಕಣ್ಣಿಗೆ ಬಿತ್ತು. ಠೇವಣಿ ಎಷ್ಟು ಅಂತ ಚುನಾವಣಾಧಿಕಾರಿಯನ್ನೇ ಕೇಳಿ, ಕಟ್ಟಿದ ಮೇಲೆ ರಸೀದಿ ಬಿಡಬೇಡಿ.