ಏಷ್ಯಾದ ಊರುಗಳಲ್ಲಿ ಕೆಲಸ, ಸಾಲ ಎಲ್ಲ ಇನ್ನೂ ಪರಿಚಯದ ಮೇಲೆ ಯಾಕೆ ನಡೆಯುತ್ತದೆ?

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆ ಮಳೆಗಾಲಕ್ಕೆ ಅಡಿಕೆಗೆ ಮದ್ದು ಬಿಡಲು ಜನ ಬೇಕಾದರೆ ಯಾರೂ ಜಾಹೀರಾತು ಕೊಡುವುದಿಲ್ಲ. ಪಕ್ಕದ ತೋಟದವರಿಗೆ ಒಂದು ಫೋನು, ಅಷ್ಟೇ. ಸಂಜೆ ಕೂಲಿ ಕೈಗೆ. ಕಾಗದ ಪತ್ರ ಏನೂ ಇಲ್ಲ. ಅನೌಪಚಾರಿಕ ದುಡಿಮೆ ಅನ್ನುವುದು ಇದನ್ನೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ಲೆಕ್ಕದಲ್ಲಿ ಏಷ್ಯಾ-ಪೆಸಿಫಿಕ್‌ನ ದುಡಿಯುವವರಲ್ಲಿ ಸುಮಾರು ಶೇ. 68 ಜನ ಹೀಗೇ ಇದ್ದಾರೆ.

ಬ್ಯಾಂಕು, ವಿಮೆ, ಪಿಂಚಣಿ ಸುಲಭವಾಗಿ ಸಿಗದ ಕಡೆ ಪರಿಚಯವೇ ಜಾಮೀನು. ಚೀಟಿಯನ್ನೇ ನೋಡಿ. ತಿಂಗಳಿಗೊಮ್ಮೆ ಎಲ್ಲರೂ ದುಡ್ಡು ಹಾಕುತ್ತಾರೆ, ಒಬ್ಬರು ಎತ್ತುತ್ತಾರೆ. ಇಲ್ಲಿನ ಮಲಯಾಳಿಗಳು ಇದಕ್ಕೆ ‘ಕುರಿ’ ಅನ್ನುತ್ತಾರೆ. ಘಟ್ಟದ ಮೇಲಿನಿಂದ ಬಂದ ನೆಂಟರು ‘ಕುರಿ ಸಾಕ್ತೀರಾ?’ ಅಂತ ಕೇಳಿದ್ದೂ ಉಂಟು! ಇಂಡೋನೇಷ್ಯಾದಲ್ಲಿ ಇದು ಅರಿಸಾನ್, ಫಿಲಿಪ್ಪೀನ್ಸ್‌ನಲ್ಲಿ ಪಲುವಾಗನ್. ಮೊದಲೇ ಎತ್ತಿದವನು ಆಮೇಲೆ ಕಂತು ತಪ್ಪಿಸುವುದು ಕಡಿಮೆ. ಮುಂದಿನ ಮದುವೆಮನೆಯಲ್ಲಿ ಅದೇ ಜನರಿಗೆ ಮುಖ ತೋರಿಸಬೇಕು, ಅಲ್ವಾ?

ಆದರೆ ಮರದಿಂದ ಬಿದ್ದವನಿಗೆ ಈ ಪರಿಚಯ ಸಾಲುವುದಿಲ್ಲ. ನೆರೆಯವರು ಆಸ್ಪತ್ರೆಗೆ ಸೇರಿಸುತ್ತಾರೆ, ಸ್ವಲ್ಪ ದುಡ್ಡೂ ಕೂಡಿಸುತ್ತಾರೆ. ಆರು ತಿಂಗಳ ಕೂಲಿ ಯಾರು ಕೊಡುತ್ತಾರೆ? ಹಾಗಾಗಿ ಸುಮ್ನೆ ಇದನ್ನು ಹೊಗಳುವುದು ನನಗೆ ಇಷ್ಟವಿಲ್ಲ.

ಬೀಡಿಯವರು ಬೇರೆ ದಾರಿ ಹಿಡಿದರು. 1966ರ ಬೀಡಿ ಕಾರ್ಮಿಕರ ಕಾನೂನು ಕೇರಳದಲ್ಲಿ ಜಾರಿಯಾದಾಗ ಮಾಲೀಕರು ಕಣ್ಣೂರು ಕಡೆಯ ಕೆಲಸ ನಿಲ್ಲಿಸಿದರು. ಕೆಲಸ ಕಳಕೊಂಡವರು 1969ರಲ್ಲಿ ಸರ್ಕಾರದ ನೆರವಿನಿಂದ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಬೀಡಿ ಕಟ್ಟುವವರಿಗೆ ಅಲ್ಲಿ ಭವಿಷ್ಯನಿಧಿಯೂ ಸಿಕ್ಕಿತು.