ಅಬ್ಸರ್ವೇಶನ್ ಕಾಲಮ್‌ನಲ್ಲಿ ‘ಕಾರ್ಬನ್ ಡೈಆಕ್ಸೈಡ್ ಬಂತು’ ಅಂತ ಬರೆದರೆ ಮಾರ್ಕ್ಸ್ ಯಾಕೆ ಹೋಗುತ್ತದೆ?

‘ಪುಣೆಯಲ್ಲಿ ಹನ್ನೊಂದನೇ ಕ್ಲಾಸ್ ಓದುತ್ತಿದ್ದೇನೆ, ಕೆಮಿಸ್ಟ್ರಿ ಪ್ರಾಕ್ಟಿಕಲ್ ಜರ್ನಲ್‌ನಲ್ಲಿ ಅಬ್ಸರ್ವೇಶನ್ ಯಾವುದು, ಇನ್ಫರೆನ್ಸ್ ಯಾವುದು ಗೊತ್ತಾಗಲ್ಲ, ಹೈಪಾಥಿಸಿಸ್ ಅಂದರೆ ಬರೀ ಊಹೆಯಾ’ ಅಂತ ಕೇಳಿದ್ದೀರಿ. ನಾನು ಮುಂಬಯಿಯಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳಿಗೇ ಕೆಮಿಸ್ಟ್ರಿ ಟ್ಯೂಷನ್ ಹೇಳುತ್ತೇನೆ. ಜರ್ನಲ್ ತಿದ್ದಲು ಕೂತಾಗಲೆಲ್ಲ ಇದೇ ಗೊಂದಲ ಕಾಣುತ್ತದೆ.

ನೀವು ಲವಣಕ್ಕೆ ಡೈಲ್ಯೂಟ್ ಆಸಿಡ್ ಹಾಕಿದಿರಿ. ಬುಸಬುಸ ನೊರೆ ಬಂತು. ಬಂದ ಗ್ಯಾಸ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸುಣ್ಣದ ತಿಳಿನೀರಿಗೆ ಬಿಟ್ಟರೆ ನೀರು ಬೆಳ್ಳಗಾಯಿತು. ಅಬ್ಸರ್ವೇಶನ್ ಇಷ್ಟೇ. ಕಣ್ಣಿಗೆ ಕಂಡದ್ದು, ಮೂಗಿಗೆ ಬಡಿದದ್ದು. ಕಾರ್ಬನ್ ಡೈಆಕ್ಸೈಡನ್ನು ನೀವು ನೋಡಲಿಲ್ಲ, ಇದೆ ಅಂತ ಲೆಕ್ಕ ಹಾಕಿದಿರಿ. ಹಾಗಾಗಿ ಅದು ಇನ್ಫರೆನ್ಸ್.

‘ವಾಸನೆಯಿಲ್ಲ’ ಅನ್ನೋದನ್ನು ಸುಮ್ನೆ ಬರೆಸುತ್ತಾರೆ ಅಂದುಕೊಳ್ಳಬೇಡಿ. ಸಲ್ಫರ್ ಡೈಆಕ್ಸೈಡ್ ಕೂಡ ಸುಣ್ಣದ ತಿಳಿನೀರನ್ನು ಬೆಳ್ಳಗೆ ಮಾಡುತ್ತದೆ. ಅದಕ್ಕೆ ಗಂಧಕ ಸುಟ್ಟ ಘಾಟು ಇರುತ್ತದೆ, ಆಸಿಡ್ ಬೆರೆಸಿದ ಡೈಕ್ರೋಮೇಟ್ ದ್ರಾವಣದಲ್ಲಿ ಅದ್ದಿದ ಕಿತ್ತಳೆ ಬಣ್ಣದ ಕಾಗದವನ್ನು ಅದು ಹಸಿರು ಮಾಡುತ್ತದೆ. ವಾಸನೆಯ ಮಾತೇ ಬರೆಯದೆ ‘ಲವಣದಲ್ಲಿ ಕಾರ್ಬೋನೇಟ್ ಇರಬಹುದು’ ಅಂದರೆ, ಸಲ್ಫರ್ ಡೈಆಕ್ಸೈಡ್ ಕೊಡುವ ಸಲ್ಫೈಟ್ ಯಾಕಲ್ಲ ಅಂತ ಎಕ್ಸಾಮಿನರ್ ಕೇಳುತ್ತಾರೆ. ನ್ಯಾಯವೇ ಅಲ್ವಾ?

ಇನ್ನು ಹೈಪಾಥಿಸಿಸ್. ಊಹೆ ಹೌದು, ಆದರೆ ಏನು ಕಂಡರೆ ಇದು ಸುಳ್ಳು ಅಂತ ಮೊದಲೇ ಹೇಳಲು ಆಗುವ ಊಹೆ. ನಮ್ಮ ಬಿಲ್ಡಿಂಗ್ ಸಮುದ್ರಕ್ಕೆ ಹತ್ತಿರ. ಪಶ್ಚಿಮದ ಕಿಟಕಿಗಳ ಗ್ರಿಲ್ ಬೇಗ ತುಕ್ಕು ಹಿಡಿಯುತ್ತದೆ, ಪೂರ್ವದ್ದು ಅಷ್ಟಿಲ್ಲ. ಇದು ಅಬ್ಸರ್ವೇಶನ್. ‘ಸಮುದ್ರದ ಉಪ್ಪು ಗಾಳಿ ಮಾರಾಯ, ಇನ್ನೇನು’ ಅನ್ನುತ್ತಾರೆ ಎರಡನೇ ಮಹಡಿಯ ಉಡುಪಿ ಕಡೆಯ ಅಂಕಲ್. ಸೊಸೈಟಿ ಸೆಕ್ರೆಟರಿ ಪ್ರಕಾರ ಮಳೆಯೇ ಕಾರಣ. ಇಬ್ಬರ ಮಾತಿಗೂ ಆಧಾರ ಇದೆ. ತುಕ್ಕಿಗೆ ನೀರು, ಆಕ್ಸಿಜನ್ ಎರಡೂ ಬೇಕು, ಉಪ್ಪು ಅದರ ವೇಗ ಹೆಚ್ಚಿಸುತ್ತದೆ. ತೊಂದರೆ ಏನೆಂದರೆ ಮುಂಬಯಿಯಲ್ಲಿ ಸಮುದ್ರ ಇರೋದೂ ಪಶ್ಚಿಮಕ್ಕೆ, ಮುಂಗಾರು ಮಳೆ ಬಡಿಯೋದೂ ನೈಋತ್ಯದಿಂದ. ಪೂರ್ವ ಪಶ್ಚಿಮ ಎಷ್ಟು ಹೋಲಿಸಿದರೂ ಇವರ ಜಗಳ ತೀರಲ್ಲ.

ಹಾಗಾದರೆ ಇಬ್ಬರೂ ಬೇರೆ ಬೇರೆ ಉತ್ತರ ಕೊಡುವ ಜಾಗ ಹುಡುಕಬೇಕು. ಪಶ್ಚಿಮದ ಗೋಡೆಯಲ್ಲೇ ಕಿಟಕಿಯ ಮೇಲೆ ಚಾಚಿರುವ ಸಜ್ಜಾ ಮರೆಯಲ್ಲಿರುವ ಕಂಬಿಗಳನ್ನು ನೋಡಿ. ಅಲ್ಲಿಗೆ ಮಳೆ ಅಷ್ಟಾಗಿ ತಾಗಲ್ಲ, ಗಾಳಿ ಮಾತ್ರ ಹೋಗುತ್ತದೆ. ಮಳೆಯೇ ಕಾರಣವಾದರೆ ಅವಕ್ಕೆ ತುಕ್ಕು ಕಡಿಮೆ ಇರಬೇಕು. ಉಪ್ಪು ಕಾರಣವಾದರೆ ಜಾಸ್ತಿಯೇ ಇರಬಹುದು, ಯಾಕೆಂದರೆ ಕೂತ ಉಪ್ಪನ್ನು ತೊಳೆಯಲು ಅಲ್ಲಿ ಮಳೆ ಇಲ್ಲ. ಗಾಳಿಯ ತೇವ 75 ಪರ್ಸೆಂಟ್ ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರು ಹೀರಿಕೊಂಡು ಕರಗುತ್ತದೆ. ಇಲ್ಲಿನ ಮಳೆಗಾಲದಲ್ಲಿ ತೇವ ಅದಕ್ಕಿಂತ ಮೇಲಿರೋದೇ ಹೆಚ್ಚು. ಅಂದರೆ ಮಳೆ ಬೀಳದ ಕಂಬಿಯೂ ಒದ್ದೆಯಾಗಿಯೇ ಇರುತ್ತದೆ, ಅದೂ ಉಪ್ಪು ನೀರಿನಲ್ಲಿ.

ನಮ್ಮಲ್ಲಿ ಸಜ್ಜಾ ಕೆಳಗಿನ ಕಂಬಿಗಳದ್ದೇ ಕೆಟ್ಟ ಸ್ಥಿತಿ. ಉಗುರಿನಲ್ಲಿ ಕೆರೆದರೆ ಕಂದು ಹಕ್ಕಳೆ ಏಳುತ್ತದೆ. ಅಂಕಲ್ ಗೆದ್ದರು ಅಂತ ನಾನು ಕ್ಲಾಸಿನಲ್ಲಿ ಹೇಳುತ್ತಿದ್ದಾಗ ಒಬ್ಬಳು ಹುಡುಗಿ ಕೇಳಿದಳು, ‘ಸರ್, ಅಲ್ಲಿಗೆ ಪೇಂಟರ್ ಕೈಯೇ ಹೋಗಿರಲ್ಲ, ಅದಕ್ಕಿರಬಹುದಲ್ವಾ?’ ಅದು ಮೂರನೇ ಹೈಪಾಥಿಸಿಸ್, ಸಜ್ಜಾ ನೋಡಿ ಅದನ್ನು ತಳ್ಳಿಹಾಕಲು ಆಗಲ್ಲ.

ಇದನ್ನು ಮೊಳೆಯಿಂದ ಪರೀಕ್ಷಿಸಬಹುದು. ಪುಣೆಯಲ್ಲಿ ಸಮುದ್ರ ಇಲ್ಲವಲ್ಲ, ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿ. ಸಮುದ್ರದ ನೀರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರೋದು. ಗ್ಯಾಲ್ವನೈಸ್ಡ್ ಮೊಳೆ ತರಬೇಡಿ, ಸತುವಿನ ಲೇಪ ಇದ್ದರೆ ಸುಲಭಕ್ಕೆ ತುಕ್ಕು ಬರಲ್ಲ. ಎರಡು ಸಾದಾ ಮೊಳೆಗಳನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಎರಡನ್ನೂ ದಿನಾ ಉಪ್ಪು ನೀರಿನಲ್ಲಿ ಅದ್ದಿ, ಮಳೆ ಬೀಳದ ಕಡೆ ದಾರ ಕಟ್ಟಿ ನೇತುಹಾಕಿ. ಒಂದನ್ನು ಮಾತ್ರ ಸ್ವಲ್ಪ ಹೊತ್ತಾದ ಮೇಲೆ ನಲ್ಲಿ ನೀರಿನಲ್ಲಿ ತೊಳೆಯಿರಿ. ಎರಡರಲ್ಲೂ ಪೇಂಟ್ ಇಲ್ಲ. ತೊಳೆದದ್ದು ಇನ್ನೊಂದಕ್ಕಿಂತ ಒಂದು ಸಲ ಜಾಸ್ತಿಯೇ ನೆನೆಯುತ್ತದೆ. ಅಷ್ಟಾದರೂ ಅದರಲ್ಲೇ ತುಕ್ಕು ಕಡಿಮೆ ಬಂದರೆ ಸೆಕ್ರೆಟರಿ ಏನು ಹೇಳಬಹುದು, ಇನ್ಫರೆನ್ಸ್ ಕಾಲಮ್‌ನಲ್ಲಿ ನೀವೇ ಬರೆಯಿರಿ.